ವರ್ಷವಿಡೀ ಪ್ರಕೃತಿ ನೋಡಲು ಹಾಡಿಯಲ್ಲೊಂದು ಜಾಗ: ಹುಡುಕುವುದು ಹೇಗೆ?

ಉಡುಪಿ, ಮಂಗಳೂರಿನ ನಾವು ಕಾಡು ನೋಡಬೇಕು ಅಂದರೆ ಆಗುಂಬೆಗೋ ಕುದುರೆಮುಖಕ್ಕೋ ಗಾಡಿ ತಿರುಗಿಸುತ್ತೇವೆ. ಹೋಗಿ ಬರಬೇಕಾದ ಜಾಗಗಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷಕ್ಕೆ ಒಂದೆರಡು ಸಲ ಹೋದರೆ ಒಂದು ಮರ ಎಲೆ ಉದುರಿಸುವುದು, ಚಿಗುರುವುದು, ಹೂಬಿಡುವುದು, ಕಾಯಿ ಕಟ್ಟುವುದು ಇವೆಲ್ಲ ಕಾಣುವುದಿಲ್ಲ. ಅದಕ್ಕೆ ಒಂದೇ ಜಾಗದಲ್ಲಿ, ಒಂದೇ ಮರದ ಬುಡದಲ್ಲಿ, ಮತ್ತೆ ಮತ್ತೆ ಹೋಗಿ ಸುಮ್ಮನೆ ಕೂರಬೇಕು.

ಅಂಥ ಜಾಗ ಆರಿಸುವುದು ಹೇಗೆ ಎಂದು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಎಲ್ಲಕ್ಕಿಂತ ಮೊದಲು ಒಂದು ಮಾತು. ಡಿಸೆಂಬರ್‌ನ ತಂಪು ಬೆಳಿಗ್ಗೆಯಲ್ಲಿ ಯಾವ ಹಾಡಿಯೂ, ಅಂದರೆ ಊರ ಬದಿಯ ಸಣ್ಣ ಕಾಡೂ, ಚೆಂದವೇ. ಹಾಗಾಗಿ ಜಾಗದ ಪರೀಕ್ಷೆ ಆಗ ಮಾಡಬೇಡಿ. ಆಟಿ ತಿಂಗಳ ಮಳೆಯಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಅಲ್ಲಿಗೆ ನಡೆದು ಹೋಗಿ ಅರ್ಧ ಗಂಟೆ ಕೂರಲು ಆಗುತ್ತದಾ ಎಂದು ಕೇಳಿಕೊಳ್ಳಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಆ ನಾಲ್ಕು ತಿಂಗಳು ಬಿಟ್ಟರೆ ವರ್ಷದ ಮೂರನೇ ಒಂದು ಪಾಲು ಬಿಟ್ಟ ಹಾಗೆ. ಹಾಡಿಯಲ್ಲಿ ಅತಿ ಹೆಚ್ಚು ಬದಲಾವಣೆ ಆಗುವುದೂ ಆಗಲೇ.

ಹಂತ 1: ಹತ್ತು ನಿಮಿಷದ ದಾರಿಯೊಳಗೆ ಹುಡುಕಿ

ಮನೆಯಿಂದಲೋ ಕೆಲಸದ ಜಾಗದಿಂದಲೋ ನಡೆದು ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಅದಕ್ಕಿಂತ ದೂರ ಬೇಡ. ಬೈಕ್ ತೆಗೆಯಬೇಕು, ಪೆಟ್ರೋಲ್ ಹಾಕಿಸಬೇಕು ಅಂತಾದರೆ ಮಳೆಗಾಲದಲ್ಲಿ ಹೋಗುವುದು ನಿಂತೇ ಹೋಗುತ್ತದೆ.

ನಮ್ಮ ಕಡೆ ಹುಡುಕಲು ಜಾಗ ಬೇಕಾದಷ್ಟಿದೆ. ಗದ್ದೆಯ ಮೇಲಿನ ಹಾಡಿ, ಮನೆ ಹಿಂದಿನ ಕುಮ್ಕಿ ಗುಡ್ಡೆ (ಸ್ವಂತ ಜಮೀನಿಗೆ ತಾಗಿದ ಸರಕಾರಿ ಜಾಗ), ತೋಡಿನ (ಸಣ್ಣ ಹಳ್ಳದ) ಬದಿ, ನಾಗಬನದ ಹೊರ ಅಂಚು, ಹಳೇ ದೇವಸ್ಥಾನದ ಹಿಂದೆ ಉಳಿದ ನಾಲ್ಕು ದೊಡ್ಡ ಮರ. ಫ್ಲ್ಯಾಟ್‌ನಲ್ಲಿ ಇರುವವರಿಗೂ ದಾರಿ ಇದೆ. ಮಂಗಳೂರಿನಲ್ಲಿ ಕದ್ರಿ ಗುಡ್ಡದ ಬದಿ, ಮೂಡುಶೆಡ್ಡೆಯ ಪಿಲಿಕುಳ, ಕೊಣಾಜೆಯ ಮಂಗಳಗಂಗೋತ್ರಿ ಕ್ಯಾಂಪಸ್. ಉಡುಪಿ ಕಡೆ ಮಣಿಪಾಲದ ಮಣ್ಣಪಳ್ಳ ಕೆರೆಯ ಸುತ್ತ, ಸ್ವರ್ಣಾ ನದಿ ಕೆಳಗೆ ಕಾಣುವ ಎಂಡ್ ಪಾಯಿಂಟ್. ಗೇಟು, ಟಿಕೆಟ್ ಇರುವ ಜಾಗವಾದರೆ ಬಾಗಿಲು ಎಷ್ಟು ಗಂಟೆಗೆ ತೆಗೆಯುತ್ತಾರೆ ಎಂದು ಮೊದಲೇ ಕೇಳಿ. ಬಿಸಿಲೇರಿದ ಮೇಲೆ ತೆಗೆಯುವ ಪಾರ್ಕು ಹಕ್ಕಿ ನೋಡುವವರಿಗೆ ಅಷ್ಟು ಪ್ರಯೋಜನವಿಲ್ಲ.

ಹಸಿರು ಕಂಡದ್ದೆಲ್ಲ ಒಂದೇ ಅಲ್ಲ ಎನ್ನುವುದೂ ಗೊತ್ತಿರಲಿ. ನಮ್ಮ ಎಷ್ಟೋ ಗುಡ್ಡೆಗಳ ಮೇಲೆ ಇರುವುದು ನೆಟ್ಟ ಅಕೇಶಿಯಾ. ಹೊರಗಿಂದ ದಟ್ಟ ಕಾಡಿನ ಹಾಗೆ ಕಾಣುತ್ತದೆ. ಒಳಗೆ ಹೋಗಿ ನೆಲ ನೋಡಿ. ಕುಡುಗೋಲಿನ ಆಕಾರದ ಒಣ ಎಲೆಯ ದಪ್ಪ ಹಾಸು, ಅದರ ಅಡಿಯಿಂದ ಗಿಡ ಮೇಲೆ ಬಂದದ್ದು ಕಡಿಮೆ. ಅದೇ ಹಳೇ ಹಾಡಿಯಲ್ಲಿ ಮೊಣಕಾಲೆತ್ತರದಲ್ಲಿ ಕೇಪಳ, ಎದೆಯೆತ್ತರದಲ್ಲಿ ಕುಂಟಲ, ಅದರ ಮೇಲೆ ಉಪ್ಪಳಿಗೆ, ಕಾಸರಕ, ಬೈನೆ, ಎಲ್ಲಕ್ಕಿಂತ ಮೇಲೆ ಹೆಬ್ಬಲಸು, ಹಾಲೆ, ಕಾಟುಮಾವು. ಹೀಗೆ ಮೂರು ನಾಲ್ಕು ಎತ್ತರದಲ್ಲಿ ಎಲೆ ಇದ್ದರೆ ಅದು ನಿಮ್ಮ ಜಾಗ. ಹತ್ತಿರದಲ್ಲಿ ಅಕೇಶಿಯಾ ಬಿಟ್ಟು ಬೇರೇನೂ ಇಲ್ಲವಾದರೆ ಅದರ ಅಂಚಿಗೆ ಬನ್ನಿ. ಅಂಚಿನಲ್ಲಿ ಊರಿನ ಗಿಡಗಳು ನಿಧಾನವಾಗಿ ತಲೆ ಎತ್ತುತ್ತಿರುತ್ತವೆ.

ಹಂತ 2: ಜಾಗ ಯಾರದ್ದು ಎಂದು ಕೇಳಿ

ಇದು ಸಂಕೋಚ ಪಡುವ ವಿಷಯವಲ್ಲ. ಹಾಡಿಗೆ ಹತ್ತಿರದ ಮನೆಗೆ ಹೋಗಿ, ಜಗಲಿಯ ಹೊರಗೆ ನಿಂತು, "ಅಮ್ಮಾ, ನಿಮ್ಮ ಹಾಡಿ ಬದಿಯಲ್ಲಿ ಬೆಳಿಗ್ಗೆ ಸ್ವಲ್ಪ ಹೊತ್ತು ಕೂತುಕೊಳ್ಳಬಹುದಾ? ಹಕ್ಕಿ ನೋಡ್ಲಿಕ್ಕೆ" ಎಂದು ಕೇಳಿದರೆ ಸಾಕು. ಮೊದಲು ವಿಚಿತ್ರವಾಗಿ ನೋಡಬಹುದು. ಆಮೇಲೆ ನೀರು ಕೊಡುತ್ತಾರೆ, ಜೊತೆಗೆ ನಿಮಗೆ ಯಾವ ಪುಸ್ತಕದಲ್ಲೂ ಸಿಗದ ಮಾಹಿತಿ ಕೊಡುತ್ತಾರೆ. ನಾನು ಹೀಗೆ ಕೇಳಿದಾಗ ಒಬ್ಬ ಹಿರಿಯರು ನಾನು ತೋರಿಸಿದ ಕಡೆ ನೋಡಿ ತಲೆಯಾಡಿಸಿದರು. "ಆಟಿಯಲ್ಲಿ ಅಲ್ಲಿ ಕೂರ್ಲಿಕ್ಕೆ ಆಗ್ಲಿಕ್ಕಿಲ್ಲ ಮಾರಾಯ್ರೆ, ನೀರು ಹೋಗುವ ದಾರಿ ಅದು. ಆ ಗೋಳಿ ಬುಡಕ್ಕೆ ಹೋಗಿ." ಆ ಒಂದು ಮಾತು ಒಂದು ಇಡೀ ಮಳೆಗಾಲದ ಅನುಭವಕ್ಕೆ ಸಮ.

ನಾಗಬನದ ವಿಷಯದಲ್ಲಿ ಜಾಗ್ರತೆ ಜಾಸ್ತಿ ಬೇಕು. ನಮ್ಮ ಊರುಗಳಲ್ಲಿ ಕತ್ತಿ ಮುಟ್ಟದ ಮರ ಉಳಿದಿದ್ದರೆ ಅದು ಬನದಲ್ಲೇ. ಹಾಗೆಂದು ಒಳಗೆ ಹೋಗಿ ಕೂರುವುದು ಬೇಡ. ಕುಟುಂಬದವರ ಹತ್ತಿರ ಕೇಳಿ, ಬನದ ಹೊರಗೆ, ಅದರ ಕಡೆ ಮುಖ ಮಾಡಿ ಕೂತರೆ ಆಯಿತು. ಮರದ ಮೇಲಿನ ಹಕ್ಕಿ, ಬಳ್ಳಿ, ಚಿಟ್ಟೆ ಎಲ್ಲ ಅಲ್ಲಿಂದಲೇ ಕಾಣುತ್ತದೆ. ನಾಗನಿಗೆ ಸಲ್ಲಿಸುವ ತಂಬಿಲ ಸೇವೆ, ನಾಗರಪಂಚಮಿಯ ದಿನ ಅತ್ತ ಸುಳಿಯದಿದ್ದರೆ ಒಳ್ಳೆಯದು. ಈಗ ಎಷ್ಟೋ ಕಡೆ ಬನದ ಮರ ಕಡಿದು, ನೆಲಕ್ಕೆ ಟೈಲ್ಸ್ ಹಾಕಿ, ಸುತ್ತ ಕಾಂಕ್ರೀಟ್ ಗೋಡೆ ಕಟ್ಟಿದ್ದಾರೆ. ನೋಡಿದಾಗ ಹೊಟ್ಟೆ ಉರಿಯುತ್ತದೆ. ಮರ ಉಳಿಸಿಕೊಂಡ ಬನ ನಿಮ್ಮ ಹತ್ತಿರ ಇದ್ದರೆ, ಆ ಮನೆಯವರಿಗೆ "ಇದನ್ನು ಹೀಗೇ ಇಟ್ಟದ್ದು ಒಳ್ಳೆಯದಾಯಿತು" ಎಂದು ಬಾಯಿಬಿಟ್ಟು ಹೇಳಿ.

ಮೀಸಲು ಅರಣ್ಯ, ಸೋಮೇಶ್ವರ ವನ್ಯಧಾಮ, ಮೂಕಾಂಬಿಕಾ ವನ್ಯಧಾಮದ ಒಳಗೆ ಅನುಮತಿ ಇಲ್ಲದೆ ಕೂರುವ ಹಾಗಿಲ್ಲ. ಹೆಬ್ರಿ, ಕೊಲ್ಲೂರು ಕಡೆಯವರು ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ. ಇಲ್ಲವಾದರೆ ಕಾಡಿನ ಹೊರಗಿನ ತೋಟದ ಅಂಚೇ ಸಾಕು.

ಹಂತ 3: ಏನೇನು ಇದೆ ನೋಡಿ

ಜಾಗ ಹುಡುಕಲು ಒಳ್ಳೆಯ ಕಾಲ ಫೆಬ್ರುವರಿಯಿಂದ ಮೇ. ಪೊದೆ ತೆಳ್ಳಗಾಗಿರುತ್ತದೆ, ಕಾಲುದಾರಿ ಕಾಣುತ್ತದೆ, ಎಲೆ ಉದುರಿಸುವ ಮರ ಯಾವುದು ಎಂದು ತಿಳಿಯುತ್ತದೆ.

ನನ್ನ ಪ್ರಕಾರ ಹಾಡಿಯ ನಟ್ಟನಡುವೆ ಕೂರುವುದಕ್ಕಿಂತ ಅಂಚಿನಲ್ಲಿ ಕೂರುವುದು ಮೇಲು. ಹಾಡಿ ಮುಗಿದು ಗದ್ದೆಯೋ ತೋಟವೋ ಮುರಕಲ್ಲಿನ (ಕೆಂಪುಕಲ್ಲಿನ) ಬಯಲೋ ಶುರುವಾಗುವ ಗೆರೆಯಲ್ಲಿ ಎರಡು ಕಡೆಯ ಜೀವಿಗಳೂ ಸಿಗುತ್ತವೆ. ಗದ್ದೆಗೆ ಬರುವ ಬೆಳ್ಳಕ್ಕಿ, ಗೀಜಗ ಒಂದು ಬದಿಗೆ. ಮರ ಬಿಟ್ಟು ಇಳಿಯದ ಕುಟ್ರುಹಕ್ಕಿ, ಮರಕುಟುಕ ಇನ್ನೊಂದು ಬದಿಗೆ. ನಡುವಿನ ಬೇಲಿಯಲ್ಲಿ ಮಡಿವಾಳ, ಕೆಂಬೂತ. ಜೊತೆಗೆ ಅಂಚಿನಲ್ಲಿ ಆಕಾಶ ಕಾಣುತ್ತದೆ. ಮೋಡ ನೋಡದೆ ನಮ್ಮ ಊರಿನ ಋತು ಹೇಗೆ ತಿಳಿಯುತ್ತದೆ?

ಆಮೇಲೆ ಹಣ್ಣಿನ ಮರ. ಗೋಳಿ, ಅತ್ತಿ, ಅರಳಿ ಈ ಜಾತಿಯ ಒಂದು ಮರ ಕಣ್ಣಳತೆಯಲ್ಲಿ ಇದ್ದರೆ ಅರ್ಧ ಕೆಲಸ ಆದಂತೆ. ಒಂದೇ ಊರಿನ ಎರಡು ಗೋಳಿ ಮರ ಒಂದೇ ಹೊತ್ತಿಗೆ ಹಣ್ಣು ಬಿಡಬೇಕೆಂದಿಲ್ಲ. ಬೇರೆ ಯಾವ ಮರದಲ್ಲೂ ಹಣ್ಣಿಲ್ಲದಾಗ ಒಂದು ಗೋಳಿ ಕೆಂಪಾಗಿ ನಿಂತಿರುತ್ತದೆ. ಆಗ ಕುಟ್ರುಹಕ್ಕಿ, ಕೋಗಿಲೆ, ಹಸಿರು ಪಾರಿವಾಳ, ಅದೃಷ್ಟ ಇದ್ದರೆ ಮಂಗಟ್ಟೆ ಎಲ್ಲ ಅಲ್ಲಿಗೇ ಬರುತ್ತವೆ. ಬೂರುಗ ಇದ್ದರೆ ಇನ್ನೂ ಒಳ್ಳೆಯದು. ಜನವರಿಯಿಂದ ಮಾರ್ಚ್ ನಡುವೆ ಎಲೆ ಇಲ್ಲದ ಕೊಂಬೆಯಲ್ಲಿ ಕೆಂಪು ಹೂ ಬಿಡುತ್ತದೆ. ಮಕರಂದಕ್ಕೆ ಬಂದ ಹಕ್ಕಿಗಳಿಗೆ ಮರೆ ಇರುವುದಿಲ್ಲವಾದ್ದರಿಂದ ದುರ್ಬೀನು ಇಲ್ಲದವರೂ ಆರಾಮವಾಗಿ ನೋಡಬಹುದು.

ನೀರು ಬೇಕು, ಆದರೆ ತೀರಾ ಹತ್ತಿರ ಬೇಡ. ತೋಡು, ಮದಗ, ಕೆರೆ ಯಾವುದಾದರೂ ಇಪ್ಪತ್ತು ಮೂವತ್ತು ಹೆಜ್ಜೆ ದೂರದಲ್ಲಿದ್ದರೆ ಸಾಕು. ಹಳೇ ಕೆಂಪುಕಲ್ಲಿನ ಕೋರೆಯ ಅಂಚನ್ನು ಮಾತ್ರ ಯಾವ ಕಾರಣಕ್ಕೂ ಆರಿಸಬೇಡಿ. ಮಳೆಗಾಲದಲ್ಲಿ ಅದು ತುಂಬಿ ಕೆರೆಯ ಹಾಗೆ ಕಾಣುತ್ತದೆ. ಗೋಡೆ ನೇರ ಕೆಳಗೆ ಕತ್ತರಿಸಿರುತ್ತದೆ, ಕಾಲು ಜಾರಿದರೆ ಹಿಡಿಯಲು ಏನೂ ಇಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ಮರೆಯಲೇಬಾರದು.

ಕೊನೆಗೆ ಸತ್ತ ಮರ. ಒಣಗಿ ನಿಂತದ್ದೋ ಬಿದ್ದು ಕೊಳೆಯುತ್ತಿರುವುದೋ ಒಂದಾದರೂ ಇರಲಿ. ಹೆಚ್ಚಿನವರು ಇದನ್ನು ಗಮನಿಸುವುದೇ ಇಲ್ಲ. ಮೇ ಕೊನೆಯಲ್ಲಿ ಬಿದ್ದ ದಿಮ್ಮಿ ಬೂದಿ ಬಣ್ಣಕ್ಕೆ ತಿರುಗಿ, ತೊಗಟೆ ಸೀಳಿ, ಗೆದ್ದಲು ಮಣ್ಣಿನ ಗೆರೆ ಎಳೆದಿರುತ್ತದೆ. ಎರಡು ಒಳ್ಳೆಯ ಮಳೆ ಬೀಳಲಿ, ತೊಗಟೆಯ ಮೇಲೆ ಪಾಚಿ ಹಸಿರಾಗುತ್ತದೆ. ಪಕ್ಕದ ಹಳೇ ಮಾವಿನ ಮರದ ಕವಲಿನಿಂದ ಮರಕೆಸುವಿನ ಸುರುಳಿ ಎಲೆ ಹೊರಗೆ ಬರುತ್ತದೆ. ದಿಮ್ಮಿಯ ಅಡಿಬದಿಯಲ್ಲಿ ಬಿಳಿ, ಕಂದು ಅಣಬೆ ಸಾಲು. ಅದನ್ನು ತಿನ್ನಲು ಬಂದ ಬಸವನಹುಳು, ಅದರ ಹಿಂದೆ ಹುಳ ಹುಡುಕುವ ಕಪ್ಪೆ. ಜುಲೈಯಲ್ಲಿ ಮಳೆ ಬಿಡದೆ ಸುರಿಯುವಾಗ ಹಕ್ಕಿ ಕಾಣದಿದ್ದರೂ ಈ ಒಂದು ದಿಮ್ಮಿ ನೋಡಿಕೊಂಡೇ ಅರ್ಧ ಗಂಟೆ ಕಳೆಯಬಹುದು.

ಹಂತ 4: ಕೂತು ನೋಡಿ

ಇಷ್ಟವಾದ ಎರಡು ಮೂರು ಜಾಗ ಗುರುತಿಸಿ, ಪ್ರತಿಯೊಂದರಲ್ಲೂ ಒಂದು ಬೆಳಿಗ್ಗೆ, ಒಂದು ಸಂಜೆ ಕೂತು ನೋಡಿ.

ಕೂರುವ ಮೊದಲು ತಲೆ ಎತ್ತಿ. ಒಣ ಕೊಂಬೆ ತೂಗುತ್ತಿದೆಯಾ, ಹಲಸಿನ ಕಾಯಿ ನೇರ ಮೇಲಿದೆಯಾ, ತೆಂಗಿನ ಮರದ ಕೆಳಗಿದ್ದೀರಾ, ಹೆಜ್ಜೇನು ಇದೆಯಾ ನೋಡಿ. ಗೇರು, ಮಾವಿನ ಮರದಲ್ಲಿ ಎಲೆಗಳನ್ನು ಸೇರಿಸಿ ಹೊಲಿದ ಉಂಡೆಗಳು ಕಂಡರೆ ಅವು ಕೆಂಜಿಗದ ಗೂಡು, ಸ್ವಲ್ಪ ಆಚೆ ಸರಿಯಿರಿ. ಆಮೇಲೆ ನೆಲ. ಬಿಲ, ಹುತ್ತ, ಒಟ್ಟಿದ ಕಲ್ಲು, ದಪ್ಪ ತರಗೆಲೆ ಇರುವಲ್ಲಿ ಬೇಡ. ಒಂದು ಕೋಲಿನಿಂದ ನೆಲ ತಟ್ಟಿ, ತರಗೆಲೆ ಸರಿಸಿ, ಅಡಿಕೆ ಹಾಳೆ ಹಾಕಿ ಕೂತುಕೊಳ್ಳಿ. ಹಾಳೆಗಿಂತ ಒಳ್ಳೆಯ ಆಸನ ಅಂಗಡಿಯಲ್ಲಿ ಸಿಗುವುದಿಲ್ಲ. ತೇವ ಹತ್ತುವುದಿಲ್ಲ, ಹಾಳಾದರೆ ಅಲ್ಲೇ ಮಣ್ಣಾಗುತ್ತದೆ.

ಬೆಳಕು ಎಲ್ಲಿಂದ ಬರುತ್ತದೆ ಎನ್ನುವುದು ಮುಖ್ಯ. ಬೆಳಿಗ್ಗೆ ಹೋಗುವವರು ಪೂರ್ವಕ್ಕೆ ಬೆನ್ನು ಹಾಕಿ ಕೂರಬೇಕು. ಇಲ್ಲವಾದರೆ ಎಲ್ಲ ಹಕ್ಕಿಯೂ ಕಪ್ಪಾಗಿಯೇ ಕಾಣುತ್ತದೆ. ನಮ್ಮಲ್ಲಿ ಜೂನ್ ಆರಂಭದಲ್ಲಿ ಸೂರ್ಯ 6 ಗಂಟೆಯ ಹೊತ್ತಿಗೆ ಹುಟ್ಟುತ್ತಾನೆ, ಜನವರಿ ಕೊನೆಯಲ್ಲಿ 7ಕ್ಕೆ ಹತ್ತಿರ. ಹುಟ್ಟುವ ದಿಕ್ಕೂ ಬದಲಾಗುತ್ತದೆ, ಜೂನ್‌ನಲ್ಲಿ ಈಶಾನ್ಯದ ಕಡೆಗೆ, ಡಿಸೆಂಬರ್‌ನಲ್ಲಿ ಆಗ್ನೇಯದ ಕಡೆಗೆ ಸರಿದಿರುತ್ತದೆ. ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಆಗ ಗುಡ್ಡೆಯ ಉತ್ತರ ಬದಿಗೆ ಬೆಳಕು ಜಾಸ್ತಿ. ಡಿಸೆಂಬರ್‌ನಲ್ಲಿ ಅದೇ ಬದಿಗೆ ನೆರಳು. ಒಂದೇ ಗಿಡ ಎರಡು ಬದಿಯಲ್ಲಿ ಬೇರೆ ಬೇರೆ ಹೊತ್ತಿಗೆ ಹೂ ಬಿಡುತ್ತದಾ ಎಂದು ಬೇಕಾದರೆ ನೀವೇ ನೋಡಬಹುದು.

ಹೆದ್ದಾರಿ ಸದ್ದು, ಕ್ರಷರ್ ಸದ್ದು ಪೂರ್ತಿ ತಪ್ಪಿಸಲು ಆಗಲಿಕ್ಕಿಲ್ಲ. ಗುಡ್ಡೆಯ ಇನ್ನೊಂದು ಮಗ್ಗುಲಿಗೆ ಇಳಿದರೆ ತುಂಬ ಕಡಿಮೆಯಾಗುತ್ತದೆ. ನಾಯಿಗಳ ಗುಂಪು ಓಡಾಡುವ ದಾರಿ, ರಾತ್ರಿ ಕುಡಿದು ಬಾಟಲಿ ಒಡೆಯುವ ಜಾಗ ಬಿಟ್ಟುಬಿಡಿ. ಹೆಂಗಸರು ಒಬ್ಬರೇ ಹೋಗುವುದಾದರೆ ಒಂದು ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ ಇರಲಿ. ಗಂಡಸರಿಗೂ ಅದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಹೋಗುವಾಗ ಮನೆಯಲ್ಲಿ ಹೇಳಿ ಹೋಗಿ.

ಹಂತ 5: ಮಳೆಯ ಪರೀಕ್ಷೆ

ಜೂನ್ ಮೊದಲ ವಾರದ ಹೊತ್ತಿಗೆ ಮಳೆ ಹಿಡಿಯುತ್ತದೆ. ಮೊದಲ ಜೋರು ಮಳೆ ಬಿಟ್ಟ ಕೂಡಲೇ ನೀವು ಆರಿಸಿದ ಜಾಗಕ್ಕೆ ಹೋಗಿ. ನೀರು ಎಲ್ಲಿಂದ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ, ದಾರಿಯಲ್ಲಿ ಯಾವ ಕಲ್ಲು ಜಾರುತ್ತದೆ ಎಲ್ಲ ಒಂದೇ ದಿನದಲ್ಲಿ ತಿಳಿಯುತ್ತದೆ. ಪಾಚಿ ಹಿಡಿದ ಮುರಕಲ್ಲು ತುಂಬ ಜಾರುತ್ತದೆ. ತೋಡು ದಾಟಿ ಹೋಗಬೇಕಾದ ಜಾಗವಾದರೆ ಮಳೆಗಾಲಕ್ಕೆ ಬೇರೆ ಜಾಗ ಬೇಕೇ ಬೇಕು. ತೋಡಿನ ನೀರು ಅರ್ಧ ಗಂಟೆಯಲ್ಲಿ ಏರುತ್ತದೆ, ಆಚೆ ಸಿಕ್ಕಿಹಾಕಿಕೊಳ್ಳಬೇಡಿ.

ಎರಡು ಜಾಗ ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಒಂದು ಹಾಡಿಯ ಅಂಚಿನದ್ದು, ಇನ್ನೊಂದು ಜಡಿಮಳೆಗೆ. ಹಟ್ಟಿಯ ಮಾಡು, ಪಂಪ್‌ಶೆಡ್ಡಿನ ಜಗಲಿ, ಬಸ್‌ಸ್ಟ್ಯಾಂಡ್ ಕೂಡ ಆಗುತ್ತದೆ. ಅಲ್ಲಿಂದ ಅದೇ ಮರಗಳು ಕಂಡರೆ ಸಾಕು. ರೈನ್‌ಕೋಟಿಗಿಂತ ದೊಡ್ಡ ಕಪ್ಪು ಕೊಡೆ ಒಳ್ಳೆಯದು. ರೈನ್‌ಕೋಟು ಸರಸರ ಸದ್ದು ಮಾಡುತ್ತದೆ, ಒಳಗೆ ಬೆವರುತ್ತದೆ, ಕಿವಿ ಮುಚ್ಚುತ್ತದೆ.

ಗುಡುಗು ಸಿಡಿಲಿನ ಕಾಲ ಬೇರೆಯೇ. ಏಪ್ರಿಲ್, ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್ ಸುಮಾರಿಗೆ, ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಸಿಡಿಲು ಹೊಡೆಯುತ್ತದೆ. ಆ ದಿನಗಳಲ್ಲಿ ಬೆಳಿಗ್ಗೆ ಮಾತ್ರ ಹೋಗಿ. ಗುಡುಗು ಕೇಳಿದ ಕೂಡಲೇ ಎದ್ದು ಮನೆಯೊಳಗೆ ಬನ್ನಿ. ಬೋಳು ಪಾದೆಯ (ಬಂಡೆಯ) ಮೇಲೂ, ಒಂಟಿ ಮರದ ಕೆಳಗೂ ನಿಲ್ಲಬೇಡಿ.

ಹಂತ 6: ಯಾವಾಗ ಏನು ಎಂದು ತಿಳಿದುಕೊಳ್ಳಿ

ಜಾಗ ಸರಿ ಇದೆಯಾ ಎಂದು ಅಳೆಯಲು ಒಂದು ವರ್ಷದಲ್ಲಿ ಅಲ್ಲಿ ಏನೆಲ್ಲ ಕಾಣಬಹುದು ಎನ್ನುವ ಅಂದಾಜು ಬೇಕು. ತುಳುನಾಡಿನ ಆಚರಣೆಗಳನ್ನೇ ಗುರುತಿಗೆ ಇಟ್ಟುಕೊಂಡರೆ ಸುಲಭ.

ಫೆಬ್ರುವರಿ ಎರಡನೇ ವಾರದ ಆಸುಪಾಸಿಗೆ ಕೆಡ್ಡಸ. ಭೂಮಿ ಅಗೆಯಬಾರದು, ಗಿಡ ಕಡಿಯಬಾರದು ಎನ್ನುವ ದಿನಗಳು. ಜಾಗ ಹುಡುಕಲು ಶುರು ಮಾಡಲು ಇದಕ್ಕಿಂತ ಒಳ್ಳೆಯ ದಿನ ಬೇರೆ ಯಾವುದಿದೆ? ಸುರಗಿ ಹೂಬಿಡುವ ಕಾಲವೂ ಇದೇ. ಮರ ಕಾಣುವ ಮೊದಲೇ ಪರಿಮಳ ಬರುತ್ತದೆ. ಗೇರು ಹೂವಿನ ಮೇಲೆ ಇರುವೆ, ನೊಣ, ಜೇನು ತುಂಬಿರುತ್ತವೆ.

ಏಪ್ರಿಲ್ ನಡುವೆ ಬಿಸು. ಕಕ್ಕೆ ಹಳದಿ, ಹೊಳೆದಾಸವಾಳ ನೇರಳೆ. ಪುನರ್ಪುಳಿ ಕೆಂಪಾಗುತ್ತದೆ, ಕುಂಟಲ ಕಪ್ಪಾಗುತ್ತದೆ. ಕುಂಟಲದ ಪೊದೆ ಎದುರಿಗಿದ್ದರೆ ಹಣ್ಣಿಗೆ ಬರುವ ಹಕ್ಕಿಗಳನ್ನು ಬರೆದುಕೊಳ್ಳುವುದೇ ಒಂದು ಕೆಲಸ. ಜೀರುಂಡೆ ಕಿವಿ ಕಿವುಡಾಗುವಂತೆ ಕೂಗುತ್ತದೆ. ಮೇ 24ರ ಹೊತ್ತಿಗೆ ಪತ್ತನಾಜೆ, ಕೋಲ, ಯಕ್ಷಗಾನದ ತಿರುಗಾಟ ಮುಗಿಯುವ ದಿನ. ಆ ಸುಮಾರಿಗೆ ಮಿಣುಕುಹುಳು ಜಾಸ್ತಿಯಾಗುತ್ತವೆ. ಮಳೆ ಬಿದ್ದ ಸಂಜೆ ಗೆದ್ದಲಿನ ರೆಕ್ಕೆಹುಳು ನೆಲದಿಂದ ಏಳುತ್ತವೆ, ಅದನ್ನು ಹಿಡಿಯಲು ಕಾಜಾಣ, ಓತಿ, ಕಪ್ಪೆ ಎಲ್ಲ ಒಟ್ಟಿಗೆ ಬರುತ್ತವೆ. ವರ್ಷದಲ್ಲಿ ಒಂದೇ ವಾರ ಕೂರಲು ಸಮಯ ಇದೆ ಎನ್ನುವವರಿಗೆ ನಾನು ಹೇಳುವುದು ಈ ವಾರವನ್ನೇ.

ಮುರಕಲ್ಲಿನ ಪಾದೆ ಹತ್ತಿರ ಇದ್ದವರಿಗೆ ಜೂನ್‌ನಲ್ಲಿ ಬೇರೆಯೇ ಭಾಗ್ಯ. ಪಾದೆಯಲ್ಲಿ ಅಂಗೈ ಅಗಲದಿಂದ ಬುಟ್ಟಿ ಅಗಲದ ತನಕ ಗುಂಡಿಗಳಿರುತ್ತವೆ. ಒಂದನ್ನು ಆರಿಸಿ. ಮೇ ತಿಂಗಳಲ್ಲಿ ಅದರ ತಳದಲ್ಲಿ ಕಪ್ಪಗೆ ಒಣಗಿದ ಪಾಚಿ, ಸ್ವಲ್ಪ ಕೆಂಪು ಮಣ್ಣು ಅಷ್ಟೇ. ಮಳೆ ಹಿಡಿದ ಮೇಲೆ ಬಗ್ಗಿ ನೋಡಿ, ನೀರಿನ ಮೇಲೆ ಕಪ್ಪೆ ಮೊಟ್ಟೆಯ ತೆಳ್ಳಗಿನ ಪರೆ. ಕೆಲವೇ ದಿನಕ್ಕೆ ಕಡ್ಡಿಯಂಥ ಮರಿಗಳು. ಮಳೆ ನಾಲ್ಕು ದಿನ ಬಿಟ್ಟರೆ ಗುಂಡಿ ಬತ್ತಿ ಎಲ್ಲ ಸಾಯಬಹುದು, ಹಾಗಾಗಿ ಅವು ಅವಸರದಲ್ಲಿ ಬೆಳೆಯುತ್ತವೆ. ಸಂಜೆ ಹುಲ್ಲಿನೊಳಗಿಂದ ಚಿಮ್ಮಂಡೆಯ ಸದ್ದು ಕೇಳಿದರೆ ಅದು ಚಿಮ್ಮಂಡೆಯೇ ಆಗಿರಬೇಕೆಂದಿಲ್ಲ. ಮಣಿಪಾಲದ ಸುತ್ತಲಿನ ಮುರಕಲ್ಲು ಜಾಗದಲ್ಲಿ ಕಂಡ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಕಪ್ಪೆಯ ಕೂಗೂ ಹಾಗೇ ಇರುತ್ತದೆ. 2016ರಲ್ಲಿ ಅದನ್ನು ಹೊಸ ಪ್ರಭೇದ ಎಂದು ಗುರುತಿಸಿ ಮೈಕ್ರೊಹೈಲಾ ಲ್ಯಾಟರೈಟ್ ಎಂದು ಹೆಸರಿಟ್ಟರು. 2018ರಲ್ಲಿ ಮಂಗಳೂರಿನಲ್ಲೇ ಇನ್ನೊಂದು ಸಿಕ್ಕಿತು. ಮಂಗಳೂರಿನ ಕೊಂಕಣಿ ಹೆಸರಾದ ಕೊಡಿಯಾಲದಿಂದ ಅದು ಮೈಕ್ರೊಹೈಲಾ ಕೊಡಿಯಾಲ್ ಆಯಿತು. ಜನ "ಬೋಳು ಗುಡ್ಡೆ, ಅಲ್ಲೇನಿದೆ" ಎಂದು ಲೇಔಟ್ ಮಾಡುವ ಜಾಗಗಳಲ್ಲಿ ಇವು ಬದುಕಿವೆ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಅದೇ ಪಾದೆಯ ತೇವದಲ್ಲಿ ಕಿರುಬೆರಳಿಗಿಂತ ಸಣ್ಣ ನೀಲಿ ನೇರಳೆ ಹೂ ಹಾಸುತ್ತದೆ. ಅದರಲ್ಲಿ ಯುಟ್ರಿಕ್ಯುಲೇರಿಯಾ ಇರುತ್ತದೆ, ಸಣ್ಣ ಚೀಲದಲ್ಲಿ ನೀರಿನ ಹುಳ ಹಿಡಿದು ತಿನ್ನುವ ಗಿಡ. ಕಾಲಿಡುವ ಮೊದಲು ನೋಡಿ ಇಡಿ.

ಆಟಿ ಅಮಾವಾಸ್ಯೆಗೆ ಹಾಲೆ ಮರದ ಕಷಾಯ ಕುಡಿಯುತ್ತೇವೆ ಅಲ್ವಾ, ನಿಮ್ಮ ಜಾಗದಲ್ಲಿ ಹಾಲೆ ಇದ್ದರೆ ಅದನ್ನು ಸರಿಯಾಗಿ ಗುರುತಿಸಿಕೊಳ್ಳಿ. ಒಂದೇ ಗಂಟಿನಿಂದ ಏಳರ ಸುಮಾರು ಎಲೆ ಸುತ್ತಲೂ ಹರಡಿರುತ್ತವೆ, ಚಿವುಟಿದರೆ ಬಿಳಿ ಹಾಲು ಬರುತ್ತದೆ. ಕಾಸರಕದ ಎಲೆ ಎದುರುಬದುರು ಜೋಡಿ, ಬುಡದಿಂದಲೇ ಉದ್ದ ನರಗಳು, ಹಾಲಿಲ್ಲ, ಕಿತ್ತಳೆ ಬಣ್ಣದ ಹಣ್ಣು. ಕಾಸರಕ ವಿಷ. ಕತ್ತಲೆಯಲ್ಲಿ ತೊಗಟೆ ತರುವವರು ಹಗಲಿನಲ್ಲೇ ಮರ ನೋಡಿ ಇಟ್ಟುಕೊಳ್ಳಬೇಕು. ಅಕ್ಟೋಬರ್ ನಂತರ ಅದೇ ಹಾಲೆ ಹೂಬಿಟ್ಟು ರಾತ್ರಿಯಿಡೀ ಘಾಟು ಪರಿಮಳ ಬೀರುತ್ತದೆ.

ಮಳೆ ಇಳಿದ ಮೇಲೆ ಚಿಟ್ಟೆಗಳ ಕಾಲ. ಹಾಡಿಯ ಅಂಚಿನಲ್ಲಿ ಈಶ್ವರಿ ಬಳ್ಳಿ ಇದ್ದರೆ ನಮ್ಮ ರಾಜ್ಯ ಚಿಟ್ಟೆ ಸಹ್ಯಾದ್ರಿ ಬರ್ಡ್‌ವಿಂಗ್ ಬರುವ ಸಾಧ್ಯತೆ ಇದೆ. ಕಪ್ಪು, ಹಳದಿ, ಮರದ ತುದಿಯೆತ್ತರದಲ್ಲಿ ನಿಧಾನವಾಗಿ ಹಾರುತ್ತದೆ. ಮರಿಹುಳ ತಿನ್ನುವುದು ಆ ಬಳ್ಳಿಯನ್ನೇ. ಚಿಟ್ಟೆ ಗುರುತಿಸಲು ಕಲಿಯಬೇಕಾದರೆ ಮೂಡುಬಿದಿರೆ ಹತ್ತಿರದ ಬೆಳುವಾಯಿಯ ಚಿಟ್ಟೆ ಪಾರ್ಕಿಗೆ ಒಮ್ಮೆ ಹೋಗಿ ಬನ್ನಿ. ಅಕ್ಟೋಬರ್ ಸುಮಾರಿಗೆ ಉತ್ತರದಿಂದ ನವರಂಗ ಬರುತ್ತದೆ. ಮುಸ್ಸಂಜೆಯಲ್ಲೂ ಮುಂಜಾವಿನಲ್ಲೂ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ತರಗೆಲೆ ಕೆದಕಿ ಹುಳ ತಿನ್ನುವ ಹಕ್ಕಿ, ಏಪ್ರಿಲ್ ತನಕ ಇರುತ್ತದೆ. ತರಗೆಲೆ ಗುಡಿಸಿ ಬೆಂಕಿ ಹಾಕದ ಹಾಡಿ ಆರಿಸಿ ಎನ್ನುವುದು ಇದಕ್ಕೇ.

ಹಂತ 7: ಮೈಮೇಲೆ ನಿಗಾ

ಉದ್ದ ಪ್ಯಾಂಟು, ಪಾದ ಮುಚ್ಚುವ ಬೂಟು, ಮುಂಜಾನೆಗೆ ಟಾರ್ಚು. ಕೈ ಹಾಕುವ ಮೊದಲು ಕಣ್ಣು ಹಾಕಿ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಮದ್ದು ಹುಡುಕುವುದು ಯಾವುದೂ ಬೇಡ. ಕಚ್ಚಿದ ಭಾಗ ಅಲುಗಾಡದಂತೆ ಇಟ್ಟು, 108ಕ್ಕೆ ಫೋನ್ ಮಾಡಿ, ದೊಡ್ಡ ಆಸ್ಪತ್ರೆಗೆ ಸೇರಿ. ಹಾವನ್ನು ಹಿಡಿಯಲು ಹೋಗಬೇಡಿ.

ಘಟ್ಟದ ಬುಡದಲ್ಲಿ, ಹೆಬ್ರಿ, ಕೊಲ್ಲೂರು, ಬೆಳ್ತಂಗಡಿ ಕಡೆ ಇರುವವರಿಗೆ ಉಣ್ಣಿಯ ಚಿಂತೆ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣ್ಣಿಯಿಂದ ಹರಡುತ್ತದೆ, ನವೆಂಬರ್‌ನಿಂದ ಮೇ ತನಕ ಅದರ ಕಾಲ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಉಣ್ಣಿ ತಡೆಯುವ ಡೇಪಾ ಎಣ್ಣೆ ಕೇಳಿ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ, ಆ ಜಾಗಕ್ಕೆ ಹೋಗುವುದು ನಿಲ್ಲಿಸಿ. ಇಂಬಳಕ್ಕೆ ಹೊಗೆಸೊಪ್ಪಿನ ನೀರು, ಉಪ್ಪು ಸಾಕು. ಚಿರತೆ ಓಡಾಟದ ಸುದ್ದಿ ಇದ್ದರೆ ಮುಸ್ಸಂಜೆ, ನಸುಕಿನಲ್ಲಿ ಹೋಗಬೇಡಿ. ಮಳೆಗಾಲದಲ್ಲಿ ಕಾಲಿನಲ್ಲಿ ಗಾಯ ಇದ್ದರೆ ನಿಂತ ನೀರಿಗೆ ಇಳಿಯಬೇಡಿ, ಇಲಿಜ್ವರದ ಭಯ ಇದೆ.

ಹಂತ 8: ಬರೆದಿಡಿ

ಜಾಗ ಗಟ್ಟಿಯಾದ ಮೇಲೆ ಒಂದು ಪುಸ್ತಕ, ಒಂದು ಪೆನ್ಸಿಲ್. ಮಳೆಗಾಲದಲ್ಲಿ ಪೆನ್ನಿನ ಶಾಯಿ ಹರಡುತ್ತದೆ. ತಾರೀಕು, ಹೊತ್ತು, ಮೋಡ, ಗಾಳಿ, ಕಂಡದ್ದು, ಕೇಳಿದ್ದು. ಹೆಸರು ಗೊತ್ತಿಲ್ಲದಿದ್ದರೆ ಚಿತ್ರ ಬರೆದಿಡಿ, ಹೆಸರು ಆಮೇಲೆ ಸಿಗುತ್ತದೆ. ಒಂದೇ ಕಲ್ಲಿನ ಮೇಲೆ ನಿಂತು, ಒಂದೇ ದಿಕ್ಕಿಗೆ, ತಿಂಗಳಿಗೆ ಒಂದು ಫೋಟೋ ತೆಗೆಯಿರಿ.

ಒಂದು ಮರ ಆರಿಸಿ ವಾರಕ್ಕೊಮ್ಮೆ ಅದರ ಚಿಗುರು, ಹೂ, ಕಾಯಿ ಎಷ್ಟಿದೆ ಎಂದು ಸೀಸನ್‌ವಾಚ್ ಎನ್ನುವ ಮರ ಗಮನಿಸುವ ಯೋಜನೆಯಲ್ಲಿ ದಾಖಲಿಸಬಹುದು. ದೇಶದ ಬೇರೆ ಬೇರೆ ಕಡೆಯ ಮಕ್ಕಳು, ಮೇಷ್ಟ್ರುಗಳು, ಮರ ನೋಡುವವರು ಇದರಲ್ಲಿದ್ದಾರೆ. ಹಲಸು, ಮಾವು, ಕಕ್ಕೆಯಂಥ ನಮ್ಮ ಮನೆ ಮುಂದಿನ ಮರಗಳೇ ಅಲ್ಲಿ ಬೇಕಾದದ್ದು. ಹಕ್ಕಿ ದಾಖಲಿಸಲು ಇಬರ್ಡ್, ಉಳಿದದ್ದಕ್ಕೆ ಐನ್ಯಾಚುರಲಿಸ್ಟ್ ಎನ್ನುವ ಆ್ಯಪ್ ಇದೆ. ಗೂಡು, ಸೀತಾಳೆದಂಡೆ, ಕಾಡುಪಾಪ ಇಂಥವುಗಳ ನಿಖರ ಜಾಗವನ್ನು ಮಾತ್ರ ಯಾವ ಗ್ರೂಪಿನಲ್ಲೂ ಹಾಕಬೇಡಿ. ಕೀಳುವವರೂ ಹಿಡಿಯುವವರೂ ಅದೇ ಗ್ರೂಪಿನಲ್ಲಿ ಇರಬಹುದು.

ಜಾಗ ಬದಲಿಸುವುದು ಯಾವಾಗ?

ಮೊದಲ ಮೂರು ನಾಲ್ಕು ವಾರ "ಇಲ್ಲಿ ಏನೂ ಇಲ್ಲ" ಅನ್ನಿಸುತ್ತದೆ. ಅದಕ್ಕಾಗಿ ಬದಲಿಸಬೇಡಿ. ಹಕ್ಕಿಗಳಿಗೆ ನೀವು ಅಭ್ಯಾಸವಾಗಬೇಕು, ನಿಮ್ಮ ಕಣ್ಣಿಗೆ ಜಾಗ ಅಭ್ಯಾಸವಾಗಬೇಕು. ಮನೆಯವರು ಬೇಡ ಎಂದರೆ, ಮಳೆಯಲ್ಲಿ ಅಪಾಯ ಅನ್ನಿಸಿದರೆ, ನೀವು ಕೂತದ್ದರಿಂದ ಗೂಡು ಕಟ್ಟುವ ಹಕ್ಕಿ ಮರಿಗಳ ಹತ್ತಿರ ಬರಲು ಹೆದರಿದರೆ ಅದೇ ದಿನ ಎದ್ದು ಇಪ್ಪತ್ತು ಹೆಜ್ಜೆ ಆಚೆ ಹೋಗಿ. ಗುಡ್ಡೆಗೆ ಜೆಸಿಬಿ ಬಂದರೆ ನಿಮ್ಮ ಪುಸ್ತಕ, ತಿಂಗಳ ಫೋಟೋಗಳನ್ನು ತೆಗೆದುಕೊಂಡು ಗ್ರಾಮ ಪಂಚಾಯತಿಗೆ ಹೋಗಿ. ಆ ಗುಡ್ಡೆಯಲ್ಲಿ ಯಾವ ತಿಂಗಳು ಏನೇನಿತ್ತು ಎಂದು ತಾರೀಕು ಸಮೇತ ತೋರಿಸಬಲ್ಲವರು ಊರಲ್ಲಿ ನೀವೊಬ್ಬರೇ ಇರಬಹುದು.